ಚಂದ್ರನ ಮೇಲೆ ಕೈಬಿಟ್ಟ ವಸ್ತು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? ನೀವೇ ಲೆಕ್ಕ ಹಾಕುವ ಬಗೆ

ಚಂದ್ರನ ಮೇಲೆ ಗುರುತ್ವ ಭೂಮಿಯ ಆರನೇ ಒಂದು ಪಾಲು. ಇದು ಎಲ್ಲರಿಗೂ ಗೊತ್ತು. ಗೊಂದಲ ಶುರುವಾಗುವುದು ಆಮೇಲೆ. ಹಾಗಾದರೆ ಅಲ್ಲಿ ಕಲ್ಲು ಬೀಳುವುದಕ್ಕೆ ಆರು ಪಟ್ಟು ಹೊತ್ತು ಹಿಡಿಯುತ್ತಾ? ಆರು ಪಟ್ಟು ಎತ್ತರಕ್ಕೆ ಜಿಗಿಯಬಹುದಾ? ಗಾಳಿಯೇ ಇಲ್ಲ ಅಂದ್ಮೇಲೆ ಎಲ್ಲ ತೇಲಬೇಕಲ್ವಾ? ಓದುಗರಿಂದ ಈ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ ಹೆಚ್ಚುಕಡಿಮೆ ಹೌದು, ಆದರೆ ಒಂದು ಷರತ್ತಿದೆ. ಮೂರನೆಯದಕ್ಕೆ ಖಂಡಿತ ಇಲ್ಲ.

ಒಂದೇ "ಆರು" ಎನ್ನುವ ಅಂಕಿಯನ್ನು ಕಂಡಕಂಡಲ್ಲಿ ಬಳಸುವುದೇ ಈ ಗೊಂದಲಕ್ಕೆ ಮೂಲ. ತೂಕಕ್ಕೆ ಆರು ಸರಿ, ಸಮಯಕ್ಕೆ ಸರಿಯಲ್ಲ. ಯಾವುದಕ್ಕೆ ಎಷ್ಟು ಅಂತ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಉಳಿದದ್ದು ಬರೀ ಗುಣಾಕಾರ, ಭಾಗಾಕಾರ.

ಏನೇನು ಬೇಕು

ವರ್ಗಮೂಲದ ಗುಂಡಿ (√) ಇರುವ ಕ್ಯಾಲ್ಕುಲೇಟರ್ ಒಂದಿದ್ದರೆ ಲೆಕ್ಕಕ್ಕೆ ಸಾಕು. ಕೆಲವು ಫೋನುಗಳಲ್ಲಿ ಆ ಗುಂಡಿ ಕಾಣಬೇಕಾದರೆ ಫೋನನ್ನು ಅಡ್ಡ ಹಿಡಿಯಬೇಕು. ವರ್ಗಮೂಲ ಎಂದರೆ, ತನ್ನಿಂದಲೇ ಗುಣಿಸಿದರೆ ಆ ಸಂಖ್ಯೆ ಸಿಗುವಂಥ ಸಂಖ್ಯೆ. 9ರ ವರ್ಗಮೂಲ 3. ಏಳನೇ ಹಂತದ ಪ್ರಯೋಗಕ್ಕೆ ಒಂದು ಮೀಟರಿಗಿಂತ ಸ್ವಲ್ಪ ಉದ್ದದ ನುಣುಪಾದ ಹಲಗೆ, ಗಾಜಿನ ಗೋಲಿ, ಅಳತೆಪಟ್ಟಿ ಮತ್ತು ವಿಡಿಯೋ ತೆಗೆಯುವ ಫೋನ್ ಬೇಕು. ಆ ಹಂತ ಬೇಡ ಅನ್ನುವವರು ಬಿಡಬಹುದು. ಆದರೆ ನನ್ನ ಕೇಳಿದರೆ, ಇಡೀ ಲೇಖನದಲ್ಲಿ ಮಜಾ ಇರುವುದು ಅಲ್ಲೇ.

ಹಂತ 1: ತೂಕ ಬೇರೆ, ದ್ರವ್ಯರಾಶಿ ಬೇರೆ

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿ ಎಷ್ಟು ಸರಕಿದೆ ಎನ್ನುವುದರ ಅಳತೆ. ಕಿಲೋಗ್ರಾಂ ಅದರದ್ದು. ತೂಕ ಎಂದರೆ ಆ ಸರಕನ್ನು ನೆಲ ಎಷ್ಟು ಬಲವಾಗಿ ಎಳೆಯುತ್ತಿದೆ ಎನ್ನುವುದರ ಅಳತೆ. ಅದಕ್ಕೆ ನ್ಯೂಟನ್ ಎನ್ನುವ ಮಾನ ಇದೆ. ಚಂದ್ರನಿಗೆ ಹೋದರೆ ತೂಕ ಇಳಿಯುತ್ತದೆ. ದ್ರವ್ಯರಾಶಿ ಒಂದು ಗ್ರಾಂ ಕೂಡ ಇಳಿಯುವುದಿಲ್ಲ.

ಇದರ ಅರ್ಥ ಏನು? ದೊಡ್ಡ ಬಂಡೆಯನ್ನು ಅಲ್ಲಿ ಎತ್ತುವುದು ಸುಲಭ. ಆದರೆ ನಿಮ್ಮ ಕಡೆಗೆ ಅಡ್ಡಲಾಗಿ ಬರುತ್ತಿರುವ ಅದೇ ಬಂಡೆಯನ್ನು ತಡೆದು ನಿಲ್ಲಿಸುವುದು ಇಲ್ಲಿನಷ್ಟೇ ಕಷ್ಟ. ಚಲಿಸುವ ವಸ್ತು ತಾನು ಹೋಗುತ್ತಿದ್ದ ಹಾಗೇ ಹೋಗಲು ಹಟ ಮಾಡುವ ಈ ಗುಣಕ್ಕೆ ಜಡತ್ವ ಎನ್ನುತ್ತಾರೆ. ಜಡತ್ವಕ್ಕೆ ಲೆಕ್ಕ ದ್ರವ್ಯರಾಶಿಯದ್ದು, ತೂಕದ್ದಲ್ಲ.

ಈಗ "ಭಾರದ್ದು ಬೇಗ ಬೀಳುತ್ತಾ?" ಎನ್ನುವ ಪ್ರಶ್ನೆಯನ್ನು ಇಲ್ಲೇ ಮುಗಿಸೋಣ. 1971ರ ಆಗಸ್ಟ್ 2ರಂದು ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಗರಿ ಹಿಡಿದು, ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಸುತ್ತಿಗೆ 1.32 ಕಿಲೋ, ಗರಿ 0.03 ಕಿಲೋ. ಅಂದರೆ ಸುತ್ತಿಗೆ 44 ಪಟ್ಟು ಭಾರ. ಚಂದ್ರ ಅದನ್ನು 44 ಪಟ್ಟು ಜಾಸ್ತಿ ಬಲದಿಂದಲೇ ಎಳೆಯಿತು. ಆದರೆ ಅದನ್ನು ಅಲುಗಿಸುವುದೂ 44 ಪಟ್ಟು ಕಷ್ಟ. ಎಳೆತ ಜಾಸ್ತಿ, ಹಟವೂ ಅಷ್ಟೇ ಜಾಸ್ತಿ. ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ಹಾಗಾಗಿ ಮುಂದಿನ ಯಾವ ಸೂತ್ರದಲ್ಲೂ ವಸ್ತುವಿನ ಭಾರ ಬರುವುದಿಲ್ಲ. ಬಂದಿದ್ದರೆ ಎಲ್ಲೋ ತಪ್ಪಿದ್ದೀರಿ ಎಂದು ತಿಳಿಯಿರಿ.

ಎಚ್ಚರಿಕೆ: "ಗಾಳಿ ಇಲ್ಲದ ಕಡೆ ಗುರುತ್ವವೂ ಇರುವುದಿಲ್ಲ" ಎಂದು ನಂಬಿದವರು ಕಡಿಮೆಯೇನಿಲ್ಲ. ಗಾಳಿಗೂ ಎಳೆತಕ್ಕೂ ಸಂಬಂಧ ಇಲ್ಲ. ಗಾಳಿ ಮಾಡುವುದು ಬೀಳುವ ವಸ್ತುವಿಗೆ ಅಡ್ಡ ಬರುವ ಕೆಲಸ ಮಾತ್ರ. ಗಾಳಿ ತೆಗೆದರೆ ಗರಿ ತೇಲುವುದಿಲ್ಲ, ಕಲ್ಲಿನ ಹಾಗೆ ಬೀಳುತ್ತದೆ.

ಹಂತ 2: ಜಾಗಕ್ಕೆ ತಕ್ಕ ಗುರುತ್ವದ ಅಂಕಿ ಬರೆದುಕೊಳ್ಳಿ

ಚಂದ್ರನಿಗೆ 1.62. ಭೂಮಿಗೆ 9.81. ಈ ಅಂಕಿಗೆ ಅರ್ಥ ಇಷ್ಟೇ: ಚಂದ್ರನ ಮೇಲೆ ಬೀಳುತ್ತಿರುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 1.62 ಮೀಟರಿನಷ್ಟು ಏರುತ್ತಾ ಹೋಗುತ್ತದೆ. ಮೊದಲ ಸೆಕೆಂಡಿನ ಕೊನೆಗೆ 1.62, ಎರಡನೆಯದರ ಕೊನೆಗೆ 3.24, ಹೀಗೆ. ಪಠ್ಯಪುಸ್ತಕದಲ್ಲಿ ಇದನ್ನು ವೇಗೋತ್ಕರ್ಷ ಎನ್ನುತ್ತಾರೆ.

ಗಾಳಿ ಇಲ್ಲದ ಬೇರೆ ಜಾಗಗಳೂ ಇವೆ. ಬುಧಗ್ರಹಕ್ಕೆ 3.7. ಸೀರಿಸ್ ಎನ್ನುವ ಕುಬ್ಜಗ್ರಹಕ್ಕೆ ಸುಮಾರು 0.28. ಮಂಗಳನ ಪುಟ್ಟ ಉಪಗ್ರಹ ಫೋಬೋಸ್‌ಗೆ ಸುಮಾರು 0.0057. ಮಂಗಳನ ಅಂಕಿಯೂ ಬುಧನದಷ್ಟೇ, 3.71. ಆದರೆ ಮಂಗಳನಲ್ಲಿ ತೆಳ್ಳಗಾದರೂ ಗಾಳಿ ಇದೆ. ಅಲ್ಲಿ ಈ ಲೆಕ್ಕ ಕಲ್ಲಿಗೆ ಸರಿಹೋಗುತ್ತದೆ, ದೂಳಿಗೆ ಸರಿಹೋಗುವುದಿಲ್ಲ.

ಚಂದ್ರನಲ್ಲಿ ಅನಿಲ ಒಂದು ಚೂರೂ ಇಲ್ಲ ಎನ್ನುವಂತಿಲ್ಲ. ಇದೆ. ಆದರೆ ಅದರ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ, ಅಷ್ಟು ವಿರಳ. ಬೀಳುವ ವಸ್ತುವಿನ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ.

ಹಂತ 3: ಸಮಯ ಕಂಡುಹಿಡಿಯಿರಿ

ಸೂತ್ರ ಹೀಗಿದೆ:

ಸಮಯ = √(2 × ಎತ್ತರ ÷ ಗುರುತ್ವ)

ಸ್ಕಾಟ್ ಅವರ ಸುತ್ತಿಗೆಯನ್ನೇ ತೆಗೆದುಕೊಳ್ಳಿ. ಬಿಟ್ಟ ಎತ್ತರ ಸುಮಾರು 1.6 ಮೀಟರ್. ಎರಡರಿಂದ ಗುಣಿಸಿದರೆ 3.2. ಅದನ್ನು 1.62ರಿಂದ ಭಾಗಿಸಿದರೆ 1.975. ಅದರ ವರ್ಗಮೂಲ 1.41. ಅಂದರೆ ಹೆಚ್ಚುಕಡಿಮೆ 1.4 ಸೆಕೆಂಡು. ಭೂಮಿಯ ಮೇಲೆ ಅದೇ ಎತ್ತರದಿಂದ 0.57 ಸೆಕೆಂಡು ಸಾಕು.

ಈಗ 1.41 ಅನ್ನು 0.57ರಿಂದ ಭಾಗಿಸಿ ನೋಡಿ. 2.47 ಬರುತ್ತದೆ. ಆರು ಬರಲಿಲ್ಲ! ಆರರ ವರ್ಗಮೂಲಕ್ಕೆ ಹತ್ತಿರದ್ದು ಬಂತು. ಇದು ಪ್ರತಿ ಸಲವೂ ಹೀಗೆಯೇ. ಯಾವ ಎತ್ತರದಿಂದ ಬಿಟ್ಟರೂ, ಗಾಳಿಯ ಅಡ್ಡಿ ಲೆಕ್ಕಕ್ಕೆ ಇಲ್ಲದಿದ್ದರೆ, ಚಂದ್ರನ ಸಮಯ ಭೂಮಿಯದರ ಸುಮಾರು ಎರಡೂವರೆ ಪಟ್ಟು. ನಾನೂ ವಿದ್ಯಾರ್ಥಿಯಾಗಿದ್ದಾಗ ಒಂದು ಪರೀಕ್ಷೆಯಲ್ಲಿ ಸಮಯವನ್ನು ಸುಮ್ನೆ ಆರರಿಂದ ಗುಣಿಸಿ ಅಂಕ ಕಳೆದುಕೊಂಡಿದ್ದೇನೆ, ಆದ್ದರಿಂದ ಈ ತಪ್ಪು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ.

ವರ್ಗಮೂಲ ಎಲ್ಲಿಂದ ಬಂತು? ಬೀಳುವ ವಸ್ತು ಒಂದೇ ವೇಗದಲ್ಲಿ ಹೋಗುವುದಿಲ್ಲ, ಹೊತ್ತು ಕಳೆದ ಹಾಗೆ ವೇಗ ಕೂಡಿಸಿಕೊಳ್ಳುತ್ತದೆ. ಎರಡು ಪಟ್ಟು ಹೊತ್ತು ಕೊಟ್ಟರೆ ವೇಗವೂ ಎರಡು ಪಟ್ಟು, ಸಾಗುವ ಹೊತ್ತೂ ಎರಡು ಪಟ್ಟು. ಒಟ್ಟು ದೂರ ನಾಲ್ಕು ಪಟ್ಟು. ಚಂದ್ರನ ಮೇಲೆ ಮೊದಲ ಸೆಕೆಂಡಿನಲ್ಲಿ ವಸ್ತು 81 ಸೆಂಟಿಮೀಟರ್ ಇಳಿದಿರುತ್ತದೆ. ಎರಡು ಸೆಕೆಂಡಿಗೆ 3.24 ಮೀಟರ್. ಮೂರಕ್ಕೆ 7.29. ಹತ್ತು ಸೆಕೆಂಡಿಗೆ 81 ಮೀಟರ್.

"ತೇಲುತ್ತಾ ಇಳಿಯುತ್ತದೆ" ಎಂದು ನಮಗೆ ಅನಿಸುವುದು ಆರಂಭದ ತುಣುಕಿನಿಂದ. ಕೈಬಿಟ್ಟ ಮೊದಲ ಕಾಲು ಸೆಕೆಂಡನ್ನು ಗಮನಿಸಿ. ಭೂಮಿಯ ಮೇಲೆ ಅಷ್ಟರಲ್ಲಿ ಕಲ್ಲು 31 ಸೆಂಟಿಮೀಟರ್ ಇಳಿದಿರುತ್ತದೆ, ಒಂದು ಅಳತೆಪಟ್ಟಿಯಷ್ಟು. ಚಂದ್ರನ ಮೇಲೆ ಬರೀ 5 ಸೆಂಟಿಮೀಟರ್. ಬೆರಳುಗಳು ಬಿಚ್ಚಿವೆ, ಸುತ್ತಿಗೆ ಇನ್ನೂ ಅವುಗಳ ಪಕ್ಕದಲ್ಲೇ ಇದೆ. ಕಣ್ಣಿಗೆ ಅದು ನೇತಾಡುತ್ತಿರುವ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಆಗಲೇ ಹೊರಟಿದೆ.

ಎಚ್ಚರಿಕೆ: ಉತ್ತರದಲ್ಲಿ ದಶಮಾಂಶಗಳನ್ನು ಉದ್ದಕ್ಕೆ ಬರೆಯಬೇಡಿ. ಸ್ಕಾಟ್ ಕೈ 1.6ರ ಬದಲು 1.5 ಮೀಟರಿನಲ್ಲಿ ಇದ್ದಿದ್ದರೆ ಸಮಯ 1.36 ಸೆಕೆಂಡು ಆಗುತ್ತಿತ್ತು. ಎತ್ತರವೇ "ಸುಮಾರು" ಆಗಿರುವಾಗ ಸಮಯವನ್ನು 1.4055 ಎಂದು ಬರೆದರೆ ನಗೆಪಾಟಲು.

ಹಂತ 4: ನೆಲ ಮುಟ್ಟುವಾಗಿನ ವೇಗ

ವೇಗ = √(2 × ಗುರುತ್ವ × ಎತ್ತರ)

ಅದೇ 1.6 ಮೀಟರಿಗೆ: 2 × 1.62 × 1.6 = 5.18. ವರ್ಗಮೂಲ 2.28. ಸೆಕೆಂಡಿಗೆ 2.28 ಮೀಟರ್, ಅಂದರೆ ಗಂಟೆಗೆ 8 ಕಿಲೋಮೀಟರ್ ಚಿಲ್ಲರೆ. ಭೂಮಿಯಲ್ಲಿ ಇದು ಸೆಕೆಂಡಿಗೆ 5.6 ಮೀಟರ್, ಗಂಟೆಗೆ 20 ಕಿಲೋಮೀಟರ್. ಸೆಕೆಂಡಿನ ಲೆಕ್ಕವನ್ನು ಗಂಟೆಯ ಕಿಲೋಮೀಟರಿಗೆ ತಿರುಗಿಸಲು 3.6ರಿಂದ ಗುಣಿಸಿ.

ಅತಿ ಹೆಚ್ಚು ಜನ ಎಡವುವುದು ಈ ಹಂತದಲ್ಲೇ. "ನಿಧಾನಕ್ಕೆ ಬೀಳುತ್ತದೆ, ಹಾಗಾಗಿ ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ" ಎನ್ನುವ ನಂಬಿಕೆ ತಪ್ಪು. ಗಾಳಿ ಇರುವ ಕಡೆ ಬೀಳುವ ವಸ್ತುವಿಗೆ ಒಂದು ಮಿತಿ ವೇಗ ಇರುತ್ತದೆ. ಟರ್ಮಿನಲ್ ವೆಲಾಸಿಟಿ ಎಂದು ಕೇಳಿರುತ್ತೀರಿ. ವೇಗ ಏರಿದಂತೆ ಗಾಳಿಯ ತಡೆಯೂ ಏರಿ, ಕೊನೆಗೆ ಎಳೆತಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. ವಿಮಾನದಿಂದ ಹಾರಿ ಕೈಕಾಲು ಚಾಚಿ ಬೀಳುವ ಮನುಷ್ಯನಿಗೆ ಅದು ಗಂಟೆಗೆ ಸುಮಾರು 200 ಕಿಲೋಮೀಟರ್. ಗರಿಗಾದರೋ ನಡಿಗೆಯ ವೇಗವೂ ಸಿಗುವುದು ಕಷ್ಟ.

ಚಂದ್ರನಲ್ಲಿ ಈ ಮಿತಿಯೇ ಇಲ್ಲ. ವೇಗ ಏರುವುದು ನಿಧಾನ, ಆದರೆ ನಿಲ್ಲುವುದಿಲ್ಲ.

ಒಂದು ಗರಿಯನ್ನು ಒಂದೂವರೆ ಕಿಲೋಮೀಟರ್ ಎತ್ತರದಿಂದ ಬಿಡಿ. ಸೂತ್ರಕ್ಕೆ ಅಂಕಿ ಹಾಕಿ: 2 × 1.62 × 1500 = 4860. ವರ್ಗಮೂಲ 69.7. ಗಂಟೆಗೆ 251 ಕಿಲೋಮೀಟರ್! ಬೀಳಲು ಹಿಡಿಯುವ ಹೊತ್ತು 43 ಸೆಕೆಂಡು. ಆ 43 ಸೆಕೆಂಡೂ ಗರಿ ಅತ್ತಿತ್ತ ಓಲಾಡುವುದಿಲ್ಲ, ನೇರವಾಗಿ ಇಳಿಯುತ್ತದೆ. ಬಿಟ್ಟಾಗ ಸೊಟ್ಟಗಿದ್ದರೆ ಸೊಟ್ಟಗೇ ನೆಲಕ್ಕೆ ಹೊಡೆಯುತ್ತದೆ, ಏಕೆಂದರೆ ಅದನ್ನು ತಿರುಗಿಸಲು ಅಲ್ಲಿ ಏನೂ ಇಲ್ಲ. ಪ್ಯಾರಾಶೂಟ್ ಕಟ್ಟಿದರೂ ಇದೇ ಉತ್ತರ. ಚಂದ್ರನ ಮೇಲೆ ಇಳಿಯುವ ನೌಕೆಗಳೆಲ್ಲ ಎಂಜಿನ್ ಉರಿಸಿಕೊಂಡೇ ಇಳಿಯಬೇಕಾದದ್ದು ಇದಕ್ಕೇ.

ಪೆಟ್ಟನ್ನು ಅಂದಾಜು ಮಾಡಲು ಸುಲಭದ ದಾರಿ ಒಂದಿದೆ. ಚಂದ್ರನ ಎತ್ತರವನ್ನು ಆರರಿಂದ ಭಾಗಿಸಿ. ಭೂಮಿಯಲ್ಲಿ ಅಷ್ಟು ಎತ್ತರದಿಂದ ಬಿದ್ದರೆ ಎಷ್ಟು ವೇಗ ಬರುತ್ತದೋ ಅಷ್ಟೇ ವೇಗ. ಇಲ್ಲಿ ಆರು ಸರಿಯಾಗಿ ಕೆಲಸ ಮಾಡುತ್ತದೆ. ಚಂದ್ರನಲ್ಲಿ 4 ಮೀಟರಿನಿಂದ ಬಿದ್ದರೆ ಇಲ್ಲಿ 66 ಸೆಂಟಿಮೀಟರಿನಿಂದ ಬಿದ್ದ ಹಾಗೆ, ಕುರ್ಚಿಯಿಂದ ಇಳಿದಷ್ಟು. 100 ಮೀಟರಿನಿಂದ ಬಿದ್ದರೆ 16 ಮೀಟರ್ ಚಿಲ್ಲರೆ, ಅಂದರೆ ಐದು ಮಹಡಿ. 11 ಸೆಕೆಂಡು ಹಾಯಾಗಿ ಇಳಿದ ಹಾಗೆ ಅನಿಸಬಹುದು. ಕೊನೆಗೆ ಸಿಗುವುದು ಗಂಟೆಗೆ 65 ಕಿಲೋಮೀಟರ್.

ಹಂತ 5: ಜಿಗಿತ

ಜಿಗಿತ ಎಂದರೆ ಬೀಳುವುದನ್ನೇ ಹಿಂದುಮುಂದಾಗಿ ನೋಡಿದ ಹಾಗೆ. ಮೇಲೇರಲು ಹಿಡಿದಷ್ಟೇ ಹೊತ್ತು ಇಳಿಯಲೂ ಹಿಡಿಯುತ್ತದೆ. ನೆಲ ಬಿಟ್ಟ ವೇಗದಲ್ಲೇ ನೆಲ ಮುಟ್ಟುತ್ತೀರಿ. ಹಾಗಾಗಿ ಒಟ್ಟು ಹೊತ್ತು ಗೊತ್ತಿದ್ದರೆ ಅರ್ಧ ಮಾಡಿ, ಉಳಿದದ್ದು ಮೂರನೇ ಹಂತದ ಲೆಕ್ಕವೇ.

1972ರ ಏಪ್ರಿಲ್‌ನಲ್ಲಿ ಅಪೋಲೋ 16ರ ಜಾನ್ ಯಂಗ್ ಧ್ವಜದ ಪಕ್ಕ ಜಿಗಿದು ಸೆಲ್ಯೂಟ್ ಹೊಡೆದ ದೃಶ್ಯವನ್ನು ನೀವು ನೋಡಿರಬಹುದು. ಮೊದಲ ಜಿಗಿತ ಸುಮಾರು 1.45 ಸೆಕೆಂಡು ಇತ್ತು. ಅರ್ಧ ಮಾಡಿದರೆ 0.725. ಗುರುತ್ವದಿಂದ ಗುಣಿಸಿದರೆ ನೆಲ ಬಿಟ್ಟ ವೇಗ ಸೆಕೆಂಡಿಗೆ 1.17 ಮೀಟರ್. ಏರಿದ ಎತ್ತರ ಅರ್ಧ × 1.62 × 0.725 × 0.725, ಅಂದರೆ ಸುಮಾರು 43 ಸೆಂಟಿಮೀಟರ್.

ಇಷ್ಟೇನಾ ಅನಿಸುತ್ತದೆ, ಅಲ್ವಾ? ಷರತ್ತು ಇರುವುದು ಇಲ್ಲೇ. ಅದೇ ವೇಗದಲ್ಲಿ ನೆಲ ಬಿಟ್ಟರೆ ಆರು ಪಟ್ಟು ಎತ್ತರ ಏರುತ್ತೀರಿ ಎನ್ನುವುದು ನಿಜ. ಆದರೆ ಯಂಗ್ ಮೈಮೇಲೆ ಪೋಷಾಕು ಮತ್ತು ಬೆನ್ನಚೀಲ ಸೇರಿ 90 ಕಿಲೋಗೂ ಜಾಸ್ತಿ ಸರಕಿತ್ತು. ಗಾಳಿ ತುಂಬಿ ಸೆಟೆದ ಪೋಷಾಕಿನಲ್ಲಿ ಮಂಡಿ ಸರಿಯಾಗಿ ಬಗ್ಗುವುದಿಲ್ಲ. ತೂಕ ಇಳಿದಿದೆ, ಆದರೆ ಅಲುಗಿಸಬೇಕಾದ ದ್ರವ್ಯರಾಶಿ ಎರಡರಷ್ಟಾಗಿದೆ. ನೆಲ ಬಿಡುವ ವೇಗವೇ ಕಡಿಮೆ. "ಆರು ಪಟ್ಟು" ಎನ್ನುವ ಮಾತು ವೇಗ ಸಮ ಇದ್ದಾಗ ಮಾತ್ರ.

ಅದೇ ಯಾತ್ರೆಯ ಚಾರ್ಲ್ಸ್ ಡ್ಯೂಕ್ ಎಷ್ಟು ಎತ್ತರ ಹಾರಬಹುದು ನೋಡೋಣ ಎಂದು ಹಾರಿ, ಮೇಲೆ ಹೋದಾಗ ಹಿಂದಕ್ಕೆ ವಾಲಿ, ಬೆನ್ನಚೀಲದ ಮೇಲೆ ಬಿದ್ದರು. ಉಸಿರಾಟದ ಯಂತ್ರ ಇದ್ದದ್ದು ಆ ಚೀಲದಲ್ಲೇ. ಗಾಳಿಯಲ್ಲಾಗಲೀ ನಿರ್ವಾತದಲ್ಲಾಗಲೀ, ಕಾಲು ನೆಲ ಬಿಟ್ಟ ಮೇಲೆ ದೇಹ ವಾಲುವುದನ್ನು ತಡೆಯಲು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಭೂಮಿಯ ಮೇಲೆ ವಾಲುವಷ್ಟು ಹೊತ್ತಿಲ್ಲ, ಅದಕ್ಕೂ ಮೊದಲೇ ಕಾಲು ನೆಲಕ್ಕೆ ಬಂದಿರುತ್ತದೆ. ಚಂದ್ರನಲ್ಲಿ ಅಷ್ಟೇ ಎತ್ತರದ ಜಿಗಿತಕ್ಕೆ ಹಿಡಿಯುವ ಆ ಎರಡೂವರೆ ಪಟ್ಟು ಹೊತ್ತು ವಾಲುವುದಕ್ಕೂ ಸಿಗುತ್ತದೆ.

ಅಭ್ಯಾಸಕ್ಕೆ ಒಂದು: 2023ರ ಸೆಪ್ಟೆಂಬರ್ 3ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಎಂಜಿನ್ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕಕ್ಕೆ ಇಳಿಯಿತು. ಅಷ್ಟು ಎತ್ತರದಿಂದ ಎಂಜಿನ್ ಇಲ್ಲದೆ ಬಿದ್ದಿದ್ದರೆ ನೆಲ ಮುಟ್ಟುವ ವೇಗ ಎಷ್ಟು? ನಿಮಗೆ ಸೆಕೆಂಡಿಗೆ 1.14 ಮೀಟರ್ ಬಂದರೆ ಸರಿ. 11.4 ಬಂದಿದ್ದರೆ ಸೆಂಟಿಮೀಟರನ್ನು ಮೀಟರ್ ಮಾಡಲು ಮರೆತಿದ್ದೀರಿ.

ಹಂತ 6: ಅಡ್ಡಕ್ಕೆ ಎಸೆದರೆ

ಮೇಲೆ-ಕೆಳಗಿನ ಚಲನೆ, ಅಡ್ಡ ಚಲನೆ ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿ. ಅಡ್ಡಕ್ಕೆ ಎಳೆಯುವವರು ಯಾರೂ ಇಲ್ಲ, ತಡೆಯಲು ಗಾಳಿಯೂ ಇಲ್ಲ. ಹಾಗಾಗಿ ಅಡ್ಡ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ. ಬೀಳಲು ಎಷ್ಟು ಹೊತ್ತು ಅಂತ ನೋಡಿ, ಅಡ್ಡ ವೇಗದಿಂದ ಗುಣಿಸಿ. ಎಷ್ಟು ದೂರ ಹೋಯಿತು ಗೊತ್ತಾಯಿತು.

ಸಮನೆಲದಿಂದ 45 ಡಿಗ್ರಿಯಲ್ಲಿ ಹೊಡೆದರೆ ಇನ್ನೂ ಸುಲಭ: ದೂರ = ವೇಗ × ವೇಗ ÷ ಗುರುತ್ವ. ಭೂಮಿಯಲ್ಲಿ ಗಾಳಿಯ ಕಾರಣಕ್ಕೆ 45 ಡಿಗ್ರಿ ಯಾವಾಗಲೂ ಅತಿ ದೂರ ಕೊಡುವುದಿಲ್ಲ. ಚಂದ್ರನಲ್ಲಿ ಕೊಡುತ್ತದೆ.

1971ರ ಫೆಬ್ರವರಿಯಲ್ಲಿ ಅಪೋಲೋ 14ರ ಅಲನ್ ಶೆಪರ್ಡ್, ಮಣ್ಣು ಸಂಗ್ರಹಿಸುವ ಉಪಕರಣದ ಹಿಡಿಗೆ ಗಾಲ್ಫ್ ದಾಂಡಿನ ತಲೆ ಸಿಕ್ಕಿಸಿ ಚೆಂಡು ಹೊಡೆದರು. ಚೆಂಡು ಮೈಲುಗಟ್ಟಲೆ ಹೋಯಿತು ಎಂದು ಅವರೇ ಉತ್ಸಾಹದಲ್ಲಿ ಹೇಳಿದ್ದರು. ಆಮೇಲೆ ಹಳೆಯ ಚಿತ್ರಗಳನ್ನು ಅಳೆದು ನೋಡಿದಾಗ ದೂರದ ಹೊಡೆತ ಸುಮಾರು 40 ಗಜ, ಅಂದರೆ 36 ಮೀಟರ್ ಆಸುಪಾಸು ಎಂದು ತಿಳಿಯಿತು. 45 ಡಿಗ್ರಿ ಎಂದು ಹಿಡಿದರೆ ಚೆಂಡಿನ ವೇಗ ಸೆಕೆಂಡಿಗೆ 7.6 ಮೀಟರ್. ಅದೇ ಹೊಡೆತ ಭೂಮಿಯಲ್ಲಿ 6 ಮೀಟರ್ ದಾಟುತ್ತಿರಲಿಲ್ಲ. ಪಾಪ, ಸೆಟೆದ ಪೋಷಾಕಿನಲ್ಲಿ ಒಂದೇ ಕೈಯಲ್ಲಿ ಹೊಡೆದದ್ದು. ಸೆಕೆಂಡಿಗೆ 60 ಮೀಟರ್ ವೇಗ ಸಿಗುವಂತೆ ಸರಿಯಾಗಿ ಹೊಡೆದಿದ್ದರೆ ಎರಡು ಕಿಲೋಮೀಟರ್ ದಾಟುತ್ತಿತ್ತು, ನೆಲಕ್ಕೆ ಬರಲು 52 ಸೆಕೆಂಡು ತೆಗೆದುಕೊಳ್ಳುತ್ತಿತ್ತು.

ದೂಳಿಗೂ ಇದೇ ನಿಯಮ. ಅಪೋಲೋ ಯಾತ್ರಿಗಳ ರೋವರ್ ಗಾಡಿಯ ಚಕ್ರದಿಂದ ಚಿಮ್ಮಿದ ದೂಳು ಮೋಡವಾಗಿ ಹರಡುವುದಿಲ್ಲ. ಪ್ರತಿ ಕಣವೂ ಎಸೆದ ಕಲ್ಲಿನಂತೆ ಕಮಾನು ಬರೆದು ಬೀಳುತ್ತದೆ. ಗಾಡಿ ಹೋದ ಮೇಲೆ ಹಿಂದೆ ತೇಲಿಕೊಂಡು ಉಳಿಯುವ ಮಬ್ಬು ಇರುವುದಿಲ್ಲ.

ಹಂತ 7: ಮನೆಯಲ್ಲೇ ಚಂದ್ರನ ಗುರುತ್ವ

ಗುರುತ್ವವನ್ನು ಕಡಿಮೆ ಮಾಡಲು ಆಗುವುದಿಲ್ಲ. ಆದರೆ ಇಳಿಜಾರಿನಲ್ಲಿ ಅದರ ಒಂದು ಪಾಲನ್ನು ಮಾತ್ರ ಬಳಸಿಕೊಳ್ಳಬಹುದು. ಗೆಲಿಲಿಯೊ ಮಾಡಿದ್ದು ಇದನ್ನೇ. ನೇರ ಬೀಳುವ ವಸ್ತುವನ್ನು ಅಳೆಯುವಂಥ ಗಡಿಯಾರ ಅವನ ಬಳಿ ಇರಲಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಗುಂಡು ಉರುಳಿಸಿ, ಅಷ್ಟರಲ್ಲಿ ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಸಮಯ ಅಳೆದ. ನಿಮ್ಮ ಬಳಿ ಫೋನ್ ಇದೆ.

ಹಲಗೆಯನ್ನು ಪ್ರತಿ ಒಂದು ಮೀಟರ್ ಉದ್ದಕ್ಕೆ 23 ಸೆಂಟಿಮೀಟರ್ ಎತ್ತರ ಬರುವಂತೆ ಇಡಿ. ಹಲಗೆ 1.2 ಮೀಟರ್ ಇದ್ದರೆ ಮೇಲಿನ ತುದಿ ಸುಮಾರು 28 ಸೆಂಟಿಮೀಟರ್ ಏರಬೇಕು. ಉದ್ದವನ್ನು ಹಲಗೆಯ ಮೇಲೆಯೇ ಅಳೆಯಿರಿ, ನೆಲದ ಮೇಲೆ ಅಲ್ಲ. ಮೇಲೆ ಒಂದು ಗೆರೆ ಎಳೆಯಿರಿ, ಗೋಲಿ ಬಿಡುವ ಜಾಗ. ಅಲ್ಲಿಂದ 25 ಸೆಂಟಿಮೀಟರಿಗೆ ಒಂದು, ಒಂದು ಮೀಟರಿಗೆ ಇನ್ನೊಂದು ಗೆರೆ. ಗೋಲಿಯ ಮುಂದೆ ಒಂದು ಸ್ಕೇಲ್ ಅಡ್ಡ ಹಿಡಿದು, ಥಟ್ಟನೆ ಮುಂದಕ್ಕೆ ಎತ್ತಿಬಿಡಿ. ತಳ್ಳಬೇಡಿ.

ಗೋಲಿ 25 ಸೆಂಟಿಮೀಟರನ್ನು 0.56 ಸೆಕೆಂಡಿನಲ್ಲಿ, ಒಂದು ಮೀಟರನ್ನು 1.11 ಸೆಕೆಂಡಿನಲ್ಲಿ ದಾಟಬೇಕು. ನಾಲ್ಕು ಪಟ್ಟು ದೂರ, ಎರಡು ಪಟ್ಟು ಹೊತ್ತು. ಚಂದ್ರನ ಮೇಲೆ ಒಂದು ಮೀಟರಿನಿಂದ ಕಲ್ಲು ಬೀಳಲು ಹಿಡಿಯುವ ಹೊತ್ತೂ ಅದೇ 1.11. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುವಂತಿದ್ದರೆ ಮೊದಲ ಗೆರೆಗೆ ಸುಮಾರು 17 ಚಿತ್ರ, ಎರಡನೆಯದಕ್ಕೆ 33. ಒಂದೆರಡು ಚಿತ್ರ ಹೆಚ್ಚುಕಡಿಮೆಯಾದರೆ ತಲೆಕೆಡಿಸಿಕೊಳ್ಳಬೇಡಿ.

ಉತ್ತರ ಬಹಳ ತಪ್ಪಿದರೆ ಇವನ್ನು ನೋಡಿ. ಗೋಲಿಯ ಬದಲು ಟೇಬಲ್ ಟೆನಿಸ್ ಚೆಂಡು ಬಳಸಿದ್ದೀರಾ? ಟೊಳ್ಳು ಚೆಂಡು ನಿಧಾನ ಉರುಳುತ್ತದೆ, ಏಕೆಂದರೆ ಅದರ ಸರಕೆಲ್ಲ ಹೊರಮೈಯಲ್ಲೇ ಇದ್ದು, ತಿರುಗಿಸಲು ಹೆಚ್ಚು ಶಕ್ತಿ ಬೇಕು. ಗೋಲಿ ತೋಡಿನಲ್ಲಿ ಉರುಳುತ್ತಿದೆಯಾ? ತೋಡಿನ ಎರಡು ಅಂಚುಗಳ ಮೇಲೆ ಕೂತು ಉರುಳಿದರೂ ನಿಧಾನವಾಗುತ್ತದೆ. ಗಣಿತ ಬಲ್ಲವರು "ಇಳಿಜಾರು ಸುಮಾರು ಆರನೇ ಒಂದು ಪಾಲು ಇದ್ದರೆ ಸಾಕಲ್ಲ, 23 ಯಾಕೆ?" ಎಂದು ಕೇಳಬಹುದು. ಜಾರುವ ವಸ್ತುವಿಗೆ, ಘರ್ಷಣೆ ಇಲ್ಲದಿದ್ದರೆ, 16.5 ಸೆಂಟಿಮೀಟರ್ ಸಾಕು. ಉರುಳುವ ಗೋಲಿ ತನ್ನ ಪಾಲಿನ ಏಳರಲ್ಲಿ ಎರಡನ್ನು ತಿರುಗುವುದಕ್ಕೇ ಖರ್ಚು ಮಾಡುತ್ತದೆ. ಆ ಖೋತಾ ತುಂಬಲು ಹೆಚ್ಚಿನ ಎತ್ತರ.

ಗಾಳಿ ಇಲ್ಲದಿರುವುದನ್ನು ನೋಡಲು ಇದಕ್ಕಿಂತ ಸುಲಭ. ಒಂದು ದಪ್ಪ ಪುಸ್ತಕದ ಮೇಲೆ, ಅದಕ್ಕಿಂತ ಚಿಕ್ಕ ಕಾಗದದ ಚೂರು ಇಟ್ಟು, ಪುಸ್ತಕವನ್ನು ಮಟ್ಟಸವಾಗಿ ಬಿಡಿ. ಪುಸ್ತಕ ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಕಾಗದಕ್ಕೆ ಅಡ್ಡಿಯೇ ಸಿಗುವುದಿಲ್ಲ, ಎರಡೂ ಒಟ್ಟಿಗೆ ಬೀಳುತ್ತವೆ. ಕಾಗದದ ಅಂಚು ಪುಸ್ತಕದಿಂದ ಹೊರಗೆ ಚಾಚಿದ್ದರೆ ಪ್ರಯೋಗ ಕೆಡುತ್ತದೆ.

ವಿಡಿಯೋ ಮಾಡುವ ಆಸೆ ಇದ್ದವರಿಗೆ ಒಂದು ಮಾತು. ಭೂಮಿಯಲ್ಲಿ ತೆಗೆದ ವಿಡಿಯೋವನ್ನು 0.41 ವೇಗದಲ್ಲಿ ಓಡಿಸಿದರೆ ಬೀಳುವ ವಸ್ತುಗಳು ಚಂದ್ರನ ಮೇಲಿದ್ದಂತೆ ಬೀಳುತ್ತವೆ. ಫೋನಿನ ಸ್ಲೋ ಮೋಷನ್ ಅನ್ನು ಹಾಗೇ ಬಳಸಬೇಡಿ. ಅದು ಎಂಟು ಪಟ್ಟು ನಿಧಾನ ಮಾಡಿದರೆ ಗುರುತ್ವ ಎಂಟರ ಎಂಟು ಪಟ್ಟು, ಅಂದರೆ 64 ಪಟ್ಟು ಕಡಿಮೆಯಾದ ಹಾಗೆ ಕಾಣುತ್ತದೆ. ಅದು ಸೀರಿಸ್‌ಗಿಂತಲೂ ಕಡಿಮೆ. ಇನ್ನು ವೇಗ ಎಷ್ಟು ಸರಿ ಮಾಡಿದರೂ ದೂಳು ನಿಮ್ಮನ್ನು ಹಿಡಿದುಕೊಡುತ್ತದೆ. ಗಾಳಿಯಲ್ಲಿ ಅದು ಮೋಡವಾಗಿ ಸುಳಿಯುತ್ತದೆ, ಕಮಾನು ಬರೆಯುವುದಿಲ್ಲ.

ಹಂತ 8: ಸೂತ್ರ ಎಲ್ಲಿ ಕೈಕೊಡುತ್ತದೆ

ಇಲ್ಲಿಯವರೆಗಿನ ಲೆಕ್ಕವೆಲ್ಲ ಗುರುತ್ವ ಮೇಲಿನಿಂದ ಕೆಳಗಿನವರೆಗೆ ಒಂದೇ ಎಂದು ಹಿಡಿದದ್ದು. ನಿಜಕ್ಕೂ ಮೇಲೆ ಹೋದಂತೆ ಎಳೆತ ಸಡಿಲಾಗುತ್ತದೆ. ಚಂದ್ರನ ತ್ರಿಜ್ಯ 1737 ಕಿಲೋಮೀಟರ್. 10 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಶೇಕಡಾ ಒಂದರಷ್ಟು ಇಳಿದಿರುತ್ತದೆ, ಅಷ್ಟಕ್ಕೆ ಚಿಂತೆ ಬೇಡ. 100 ಕಿಲೋಮೀಟರಿನಿಂದ ಬೀಳುವ ವಸ್ತುವಿಗೆ ನಮ್ಮ ಸೂತ್ರ ಸೆಕೆಂಡಿಗೆ 569 ಮೀಟರ್ ಎನ್ನುತ್ತದೆ. ಸರಿಯಾದ ಉತ್ತರ 553. ತಿದ್ದುವುದು ಹೀಗೆ: ವರ್ಗಮೂಲ ತೆಗೆಯುವ ಮೊದಲು, ತ್ರಿಜ್ಯವನ್ನು ತ್ರಿಜ್ಯ ಮತ್ತು ಎತ್ತರದ ಮೊತ್ತದಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ. ಇಲ್ಲಿ ಅದು 1737 ÷ 1837. ಹೀಗೆ ತಿದ್ದಿದರೆ, ಎಷ್ಟೇ ಎತ್ತರದಿಂದ ಸುಮ್ನೆ ಕೈಬಿಟ್ಟರೂ ಚಂದ್ರನ ಎಳೆತವೊಂದರಿಂದಲೇ ವೇಗ ಸೆಕೆಂಡಿಗೆ 2.38 ಕಿಲೋಮೀಟರ್ ದಾಟುವುದಿಲ್ಲ. ಅದೇ ವೇಗದಲ್ಲಿ ಮೇಲಕ್ಕೆ ಎಸೆದರೆ ವಸ್ತು ಮರಳಿ ಬರುವುದಿಲ್ಲ. ಅದಕ್ಕೆ ವಿಮೋಚನಾ ವೇಗ ಎಂದು ಹೆಸರು.

ಚಿಕ್ಕ ಆಕಾಶಕಾಯಗಳಲ್ಲಿ ಈ ಎಚ್ಚರಿಕೆ ಮೊದಲ ಹೆಜ್ಜೆಯಲ್ಲೇ ಬೇಕು. ಫೋಬೋಸ್‌ನಲ್ಲಿ ಒಂದು ಮೀಟರಿನಿಂದ ಕೈಬಿಟ್ಟ ಕಲ್ಲು ನೆಲ ಮುಟ್ಟಲು 19 ಸೆಕೆಂಡು ಬೇಕು. ಅಲ್ಲಿನ ವಿಮೋಚನಾ ವೇಗ ಸೆಕೆಂಡಿಗೆ ಸುಮಾರು 11 ಮೀಟರ್ ಮಾತ್ರ. ಚೆಂಡನ್ನು ಜೋರಾಗಿ ಎಸೆಯುವ ಯಾರೇ ಆದರೂ ಅದನ್ನು ದಾಟಿಸಬಲ್ಲರು. 2014ರ ನವೆಂಬರ್ 12ರಂದು ಫಿಲೇ ಎನ್ನುವ ನೌಕೆ 67ಪಿ ಧೂಮಕೇತುವಿನ ಮೇಲೆ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ವೇಗದಲ್ಲಿ, ಅಂದರೆ ನಡಿಗೆಗಿಂತ ನಿಧಾನವಾಗಿ, ಇಳಿಯಿತು. ನೆಲಕ್ಕೆ ಕಚ್ಚಿಕೊಳ್ಳಬೇಕಿದ್ದ ಈಟಿಗಳು ಹಾರಲಿಲ್ಲ. ನೌಕೆ ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಪುಟಿದು ಮೇಲೆದ್ದಿತು. ಚಂದ್ರನ ಮೇಲಾಗಿದ್ದರೆ ಅಷ್ಟು ವೇಗಕ್ಕೆ ನಾಲ್ಕೂವರೆ ಸೆಂಟಿಮೀಟರ್ ಎದ್ದು ಅರ್ಧ ಸೆಕೆಂಡಿನಲ್ಲಿ ಕೆಳಗೆ ಬರುತ್ತಿತ್ತು. ಅಲ್ಲಿ ಅದು ಮತ್ತೆ ನೆಲ ಕಂಡದ್ದು ಸುಮಾರು 1 ಗಂಟೆ 50 ನಿಮಿಷದ ಮೇಲೆ.